ಎಳೆಯರೊಡನೆ ಮೈಸೂರು ಹಾದಿಯಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಸುಮಾರು 140 ಕಿಲೋಮೀಟರ್ ಹಾದಿಯಷ್ಟು ಹಳೇ ಮೈಸೂರು ಸೀಮೆಯ ಕುಟುಂಬಗಳಿಗೆ ಪರಿಚಿತವಾದ ಹಾದಿ ಇನ್ನೊಂದಿರಲಾರದು. ಶಾಲಾ ಮಕ್ಕಳ ಪ್ರವಾಸ, ದಸರೆಗೆ ಹೊರಟ ನೆಂಟರಿಷ್ಟರ ಓಡಾಟ, ಹೊಸ ದಂಪತಿಗಳ ಚಾಮುಂಡಿ ಬೆಟ್ಟದ ಹರಕೆ, ವಾರದ ಕೊನೆಯ ಸುತ್ತಾಟ ಎಲ್ಲವೂ ಇದರಲ್ಲೇ ನಡೆಯುತ್ತ ಬಂದಿವೆ. ಮಾರ್ಗದರ್ಶಿ ಪುಸ್ತಕಗಳು ಇದನ್ನು ಕೋಟೆ, ಅರಮನೆ, ದೇವಸ್ಥಾನ, ಅಣೆಕಟ್ಟುಗಳ ಸಾಲಾಗಿ ವರ್ಣಿಸುತ್ತ ಬಂದಿವೆ. ಆದರೆ ಐದು ವರ್ಷದೊಳಗಿನ ಮಗುವೊಂದು ಜೊತೆಗಿದ್ದಾಗ ಇದೇ ಹಾದಿಯ ನಕ್ಷೆ ಪೂರ್ತಿ ಬದಲಾಗುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿ ಹಿಂದೆ ಸರಿದು, ಎಲ್ಲಿ ಕುಳಿತು ಹಾಲುಣಿಸಬಹುದು, ಎಲ್ಲಿ ಒದ್ದೆ ಬಟ್ಟೆ ಬದಲಿಸಬಹುದು, ಎಲ್ಲಿ ಖಾರವಿಲ್ಲದ ಬಿಸಿ ತಿಂಡಿ ಸಿಗುತ್ತದೆ, ಎಲ್ಲಿ ಕೈಬಿಟ್ಟು ಓಡಲು ಬಿಟ್ಟರೂ ಭಯವಿಲ್ಲ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಈ ಪ್ರಶ್ನೆಗಳನ್ನಿಟ್ಟುಕೊಂಡು ಹೊರಟವರಿಗೆ, ಹಾದಿಯುದ್ದದ ಉದ್ಯಾನ, ಹೋಟೆಲು, ಅಂಗಡಿ, ಮೃಗಾಲಯಗಳಲ್ಲಿ ಯಾವುದು ಮಕ್ಕಳೊಂದಿಗರನ್ನು ನಿಜಕ್ಕೂ ಬರಮಾಡಿಕೊಳ್ಳುತ್ತದೆ, ಯಾವುದು ಫಲಕದಲ್ಲಿ ಮಾತ್ರ ಬರಮಾಡಿಕೊಳ್ಳುತ್ತದೆ ಎಂಬುದು ಬಹಳ ಬೇಗ ತಿಳಿದುಬರುತ್ತದೆ.

ಎಳೆಯ ಮಗುವಿನ ದಿನ ದೊಡ್ಡವರ ದಿನದಂತೆ ಬೆಳಗು, ಮಧ್ಯಾಹ್ನ, ಸಂಜೆಗಳೆಂದು ಸಾಗುವುದಿಲ್ಲ. ಹಸಿವು, ಆಟ, ದಣಿವು, ನಿದ್ದೆ ಎಂಬ ಕಿರುಸುತ್ತು ಎರಡು ಮೂರು ಗಂಟೆಗೊಮ್ಮೆ ಮುಗಿದು ಮತ್ತೆ ಮೊದಲಾಗುತ್ತದೆ. ಮಗುವಿಗೆ ಕಾಯುವ ಶಕ್ತಿಯಿಲ್ಲ, ಮುಂದೆ ಸಿಗಲಿರುವ ಸುಖಕ್ಕಾಗಿ ಈಗಿನ ಕಷ್ಟವನ್ನು ತಾಳಿಕೊಳ್ಳುವ ಲೆಕ್ಕಾಚಾರ ಅದಕ್ಕೆ ತಿಳಿಯದು, ಅರಮನೆಯ ಕೆತ್ತನೆಗಿಂತ ಅದರ ಅಂಗಳದ ಪಾರಿವಾಳವೇ ಅದಕ್ಕೆ ಹೆಚ್ಚು. ಹೀಗಾಗಿ ಕುಟುಂಬಸ್ನೇಹಿ ಎಂದು ಇಂದು ಕರೆಯಲಾಗುವ ಸ್ಥಳ ಅಥವಾ ವ್ಯಾಪಾರ, ಅಂದರೆ ಚಿಕ್ಕ ಮಕ್ಕಳಿರುವ ತಂದೆತಾಯಿಗಳನ್ನು ಉದ್ದೇಶಿಸಿ ನಡೆಯುವ ತಾಣ, ಎಷ್ಟು ಬಣ್ಣದ ಚಿತ್ರಗಳನ್ನು ಗೋಡೆಗೆ ಹಚ್ಚಿದೆ ಎಂಬುದರಿಂದಲ್ಲ, ಈ ಕಿರುಸುತ್ತಿನ ಯಾವ ಘಟ್ಟದಲ್ಲಿ ಬೇಕಾದರೂ ತಂಗಲು ಅವಕಾಶ ಕೊಡುತ್ತದೆಯೇ ಎಂಬುದರಿಂದ ಅಳೆಯಬೇಕಾದದ್ದು. ಮೈಸೂರು ಹಾದಿಯಲ್ಲಿ ನೋಡುವುದಕ್ಕೆ ಎಂದೂ ಕೊರತೆಯಿರಲಿಲ್ಲ; ತಂಗುವ ಎಡೆಗಳು ಮಾತ್ರ ಕಾಲಕಾಲಕ್ಕೆ ಹೆಚ್ಚು ಕಡಿಮೆಯಾಗುತ್ತ ಬಂದಿವೆ, ಇತ್ತೀಚೆಗೆ ಕಡಿಮೆಯಾಗಿವೆ.

ಈ ಪ್ರವಾಸವನ್ನು ಬೆಂಗಳೂರಿನ ಕಬ್ಬನ್ ಉದ್ಯಾನದಿಂದ ಆರಂಭಿಸುವುದು ನ್ಯಾಯ, ಏಕೆಂದರೆ ಮಗುವಿಗೆ ಏನು ಬೇಕು ಎಂಬುದರ ಪಾಠ ಅಲ್ಲಿ ಮರದ ನೆರಳಿನಲ್ಲೇ ಸಿಗುತ್ತದೆ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ರೂಪಿಸಿದ, ಈಗ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ಹೆಸರಿರುವ ಈ ತೋಟವನ್ನು ಮಕ್ಕಳಿಗಾಗಿ ನಿರ್ಮಿಸಿದ್ದಲ್ಲ. ಆದರೂ ಭಾನುವಾರಗಳಲ್ಲಿ ಒಳಗಿನ ರಸ್ತೆಗಳಿಗೆ ಮೋಟಾರು ವಾಹನಗಳ ಪ್ರವೇಶ ನಿಲ್ಲಿಸಿದಾಗ ನಗರದ ಮಧ್ಯದಲ್ಲೇ ನಡೆಯಲು ಕಲಿಯುತ್ತಿರುವ ಕೂಸುಗಳಿಗೂ ಮೊದಲ ಸೈಕಲ್ ಹತ್ತಿದ ಮಕ್ಕಳಿಗೂ ಇಂಥ ವಿಶಾಲವಾದ ಅಂಗಳ ಬೇರೆ ಇಲ್ಲವೆನಿಸುತ್ತದೆ. ಉದ್ಯಾನದೊಳಗಿನ ಜವಾಹರ್ ಬಾಲಭವನದಲ್ಲಿ ಪುಟಾಣಿ ರೈಲು ಇದೆ, ಆಟದ ಸಾಧನಗಳಿವೆ. ಪಕ್ಕದಲ್ಲೇ ಮಕ್ಕಳ ಗ್ರಂಥಾಲಯವಿದೆ. ಕಸ್ತೂರಬಾ ರಸ್ತೆಯ ಬದಿಗೆ 1962ರಲ್ಲಿ ಉದ್ಘಾಟನೆಯಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಸನ್ನೆ, ರಾಟೆ, ಹಲ್ಲುಗಾಲಿಗಳನ್ನು ಕೈಯಿಂದ ತಿರುಗಿಸಿ ನೋಡಬಹುದಾದ ಈ ಸಂಗ್ರಹಾಲಯದ ಗುಣವೇನೆಂದರೆ, ಮುಟ್ಟಬಾರದು ಎಂಬ ಮಾತನ್ನು ದಿನಕ್ಕೆ ನೂರು ಸಲ ಕೇಳುವ ವಯಸ್ಸಿನವರಿಗೆ ಅದು ಮುಟ್ಟಿ ಎಂದು ಹೇಳುತ್ತದೆ. ತತ್ತ್ವ ಅರ್ಥವಾಗದ ಮೂರು ವರ್ಷದ ಮಗುವೂ ಹಿಡಿಕೆ ತಿರುಗಿಸಿದರೆ ದೂರದಲ್ಲೇನೋ ಅಲುಗುತ್ತದೆ ಎಂಬಷ್ಟನ್ನು ಕಲಿತು ಹೊರಬರುತ್ತದೆ.

ಮಕ್ಕಳಿಗೆ ಅವರದೇ ಆದ ಜಾಗ ಬೇಕೆಂಬ ವಿಚಾರ ಈ ನಗರಕ್ಕೆ ಹೊಸದೇನೂ ಅಲ್ಲ. ಸರಸ್ವತಿ ಪತ್ರಿಕೆಯನ್ನು ದೀರ್ಘಕಾಲ ನಡೆಸಿದ ಆರ್. ಕಲ್ಯಾಣಮ್ಮ ಅವರು 1938ರಲ್ಲಿ ಸ್ಥಾಪಿಸಿದ ಮಕ್ಕಳ ಕೂಟವು ಚಾಮರಾಜಪೇಟೆಯಲ್ಲಿ ನೆಲೆನಿಂತು, ಆಟ, ಹಾಡು, ನಾಟಕಗಳಿಗೆ ಮಕ್ಕಳು ಕೂಡುವ ಒಂದು ಎಡೆಯನ್ನು ಕಟ್ಟಿಕೊಟ್ಟಿತು. ಹಿರಿಯರ ಸಭೆಯ ಮೂಲೆಯಲ್ಲಿ ಮಕ್ಕಳನ್ನು ಕೂರಿಸುವುದು ಬೇರೆ, ಮಕ್ಕಳದೇ ಸಭೆಗೆ ಹಿರಿಯರು ಬಂದು ಕೂರುವುದು ಬೇರೆ ಎಂಬ ವಿವೇಕ ಅದರ ಹಿಂದೆ ಇತ್ತು. ಲಾಭದ ಮಾತೇ ಇಲ್ಲದ ಕಾಲದ ಅಂಥ ಯತ್ನಗಳ ಪಕ್ಕದಲ್ಲಿ ಇಂದಿನ ಮಾಲುಗಳ ಆಟದ ಕೋಣೆಗಳನ್ನು ಇಟ್ಟು ನೋಡಬಹುದು. ಮೆತ್ತನೆಯ ಹಾಸು, ಜಾರುಬಂಡೆ, ಪ್ಲಾಸ್ಟಿಕ್ ಚೆಂಡುಗಳ ಕೊಳಗಳಿರುವ ಈ ಕೋಣೆಗಳು ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತವೆ. ಜಾರದ ಕಾಲುಚೀಲವನ್ನು ಅಲ್ಲೇ ಕೊಳ್ಳಬೇಕಾಗುವುದೂ ಉಂಟು. ತಂದೆತಾಯಿ ಗಾಜಿನ ಆಚೆ ಕಾಫಿ ಹಿಡಿದು ಕೂರುತ್ತಾರೆ. ಇವನ್ನು ಹಗುರವಾಗಿ ಕಾಣುವುದು ಸರಿಯಲ್ಲ, ಏಕೆಂದರೆ ಮಳೆಗಾಲದ ಸಂಜೆಗೆ, ಅಂಗಳವಿಲ್ಲದ ಅಪಾರ್ಟ್‌ಮೆಂಟಿನ ಮನೆಗೆ, ಎರಡು ಕೈಗಳಿಗೂ ಬಿಡುವೇ ಇಲ್ಲದ ತಾಯಿಗೆ ಆ ಒಂದು ಗಂಟೆಯ ಬೆಲೆ ಅಲ್ಲಿನ ಟಿಕೆಟ್ಟಿಗಿಂತ ದೊಡ್ಡದು. ಆದರೆ ಉದ್ಯಾನದ ಗಡಿಯಾರ ಮಗುವಿನ ಕೈಯಲ್ಲಿರುತ್ತದೆ, ಆಟದ ಕೋಣೆಯ ಗಡಿಯಾರ ಕೌಂಟರಿನಲ್ಲಿರುತ್ತದೆ. ಆಟದ ನಡುವೆ ಸಮಯ ಮುಗಿದಾಗ ಏಳುವ ಅಳುವಿಗೆ ಆ ವ್ಯಾಪಾರದಲ್ಲಿ ಉತ್ತರವಿಲ್ಲ.

ನಗರ ಬಿಟ್ಟು ಕೆಂಗೇರಿ ದಾಟಿದ ಮೇಲೆ ರಸ್ತೆಯೇ ವಿಷಯವಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯು ನಡುವೆ ಆರು ಪಥ, ಎರಡೂ ಬದಿಗೆ ಸ್ಥಳೀಯ ಸಂಚಾರದ ಸರ್ವಿಸ್ ರಸ್ತೆಗಳನ್ನು ಹೊಂದಿದ್ದು, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬಳಸಿಕೊಂಡು ಹೊರಗಿನಿಂದಲೇ ಹೋಗುತ್ತದೆ. ಮೂರು ಗಂಟೆಯ ಪ್ರಯಾಣ ಅದರ ಅರ್ಧಕ್ಕಿಳಿಯಿತು ಎಂಬುದು ಈ ರಸ್ತೆಯ ಹೆಗ್ಗಳಿಕೆ, ಮತ್ತು ಕಾರಿನಲ್ಲಿ ಕೂಸನ್ನು ಕೂರಿಸಿಕೊಂಡವರಿಗೆ ಅದು ಸಣ್ಣ ಹೆಗ್ಗಳಿಕೆಯೇನೂ ಅಲ್ಲ. ಮಗು ಒಂದು ನಿದ್ದೆ ಮುಗಿಸಿ ಕಣ್ಣು ಬಿಡುವಷ್ಟರಲ್ಲಿ ಮೈಸೂರು ಬಂದಿರುತ್ತದೆ. ಆದರೆ ನಿದ್ದೆ ಬಾರದ ದಿನ ಈ ರಸ್ತೆಯಷ್ಟು ಕಠಿಣವಾದದ್ದು ಬೇರೆ ಇಲ್ಲ, ಏಕೆಂದರೆ ಬೇಲಿ ಕಟ್ಟಿದ ಈ ಓಟದ ಪಥದಲ್ಲಿ ಮನಸ್ಸು ಬಂದಲ್ಲಿ ನಿಲ್ಲುವಂತಿಲ್ಲ, ನಿಂತರೆ ಅಪಾಯ. ಹಾದಿ ತೆರೆದ ಮೊದಲ ದಿನಗಳಲ್ಲಿ ಶೌಚಾಲಯ, ವಿಶ್ರಾಂತಿಯ ತಾಣಗಳಿಲ್ಲವೆಂಬ ದೂರು ಎದ್ದದ್ದು ಇದರಿಂದಲೇ. ಊರುಗಳ ಹೊಟ್ಟೆಪಾಡು ಕುಸಿಯಿತೆಂದು ಹೋಟೆಲಿನವರೂ ಗೊಂಬೆ ಅಂಗಡಿಯವರೂ ಅಳಲು ತೋಡಿಕೊಂಡದ್ದೂ ಇದರಿಂದಲೇ. ಈ ಎರಡು ದೂರುಗಳೂ ಒಂದೇ ನಾಣ್ಯದ ಎರಡು ಮುಖಗಳೆಂಬುದು ಕಡಿಮೆ ಜನರ ಗಮನಕ್ಕೆ ಬಂದಿತು: ಹಳೆಯ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರಿಗೊಂದು ಊರು, ಊರಿಗೊಂದು ಹೋಟೆಲು ಎಂಬ ಕ್ರಮವು ಯಾರೂ ಯೋಜಿಸದೆಯೇ ಮಗುವಿನ ಕಿರುಸುತ್ತಿಗೆ ಸರಿಯಾಗಿ ಹೊಂದಿಕೊಂಡಿತ್ತು.

ಆ ಹೋಟೆಲುಗಳ ಒಂದು ಅಂಗವನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಹಳೆಯ ಉಡುಪಿ ಹೋಟೆಲುಗಳಲ್ಲಿ ಫ್ಯಾಮಿಲಿ ರೂಮ್ ಎಂಬ ಫಲಕ ಹೊತ್ತ, ಅರ್ಧ ಎತ್ತರದ ಮರದ ತಡಿಕೆಯಿಂದಲೋ ಪರದೆಯಿಂದಲೋ ಮರೆಮಾಡಿದ ಕೋಣೆಗಳಿದ್ದವು. ಹೆಂಗಸರು ಹೊರಗೆ ಕುಳಿತು ತಿನ್ನುವುದು ಸಭ್ಯವಲ್ಲವೆಂಬ ಹಳೆಯ ಸಂಕೋಚದಿಂದ ಹುಟ್ಟಿದ ಈ ಏರ್ಪಾಟನ್ನು ಹೊಗಳಬೇಕಾದ ಕಾರಣ ಸಾಮಾಜಿಕ ಚರಿತ್ರೆಯಲ್ಲಿ ಸಿಗದಿದ್ದರೂ, ಅದೇ ಕೋಣೆಯ ಬೆಂಚಿನ ಮೇಲೆ ಕೂಸನ್ನು ಮಲಗಿಸಿ ಬಟ್ಟೆ ಬದಲಿಸುವುದು, ಸೆರಗಿನ ಮರೆಯಲ್ಲಿ ಹಾಲುಣಿಸುವುದು, ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವುದು ಎಲ್ಲವೂ ನಡೆಯುತ್ತಿತ್ತು, ಏಳಿ ಎನ್ನುವವರಿರಲಿಲ್ಲ. 1983ರಲ್ಲಿ ಜಯನಗರದಲ್ಲಿ ಆರಂಭವಾದ ದರ್ಶಿನಿ ಪದ್ಧತಿ, ಅಂದರೆ ಟೋಕನ್ ಪಡೆದು ನಿಂತೇ ತಿನ್ನುವ ಸ್ವಸಹಾಯದ ಹೋಟೆಲು, ನಗರದ ದುಡಿಯುವವರಿಗೆ ಅಗ್ಗದಲ್ಲಿ ಶುಚಿಯಾದ ತಿಂಡಿ ಕೊಟ್ಟು ದೊಡ್ಡ ಉಪಕಾರ ಮಾಡಿತಾದರೂ, ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದು ಎದೆಮಟ್ಟದ ಮೇಜಿನ ಮುಂದೆ ನಿಂತ ತಾಯಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೆದ್ದಾರಿಯ ಬದಿಯ ಇಂದಿನ ದೊಡ್ಡ ಹೋಟೆಲುಗಳು ಮಕ್ಕಳ ಎತ್ತರದ ಕುರ್ಚಿ ಇಟ್ಟಿವೆ, ಹಿಂಬದಿಯಲ್ಲಿ ಉಯ್ಯಾಲೆ ಹಾಕಿವೆ. ಫ್ಯಾಮಿಲಿ ರೂಮನ್ನು ಅದರ ಹಳೆಯ ಸಂಕೋಚ ಕಳೆದು ಮತ್ತೆ ಕಟ್ಟಿದವರು ಮಾತ್ರ ವಿರಳ.

ಬಿಡದಿಯ ತಟ್ಟೆ ಇಡ್ಲಿ ಎಳೆಯ ಮಕ್ಕಳ ತಂದೆತಾಯಿಗಳಿಗೆ ಈ ಹಾದಿ ಕೊಟ್ಟ ಅತ್ಯುತ್ತಮ ವರವೆನ್ನಬೇಕು. ತಟ್ಟೆಯಗಲದ, ಮೆತ್ತಗಿನ, ಬೆಣ್ಣೆ ಹಾಕಿಸಿಕೊಂಡರೆ ಹಲ್ಲಿಲ್ಲದ ಬಾಯಿಗೂ ಸಲ್ಲುವ ಈ ತಿಂಡಿ ಕೇಳಿದ ಕೂಡಲೇ ಬಿಸಿಯಾಗಿ ಬರುತ್ತದೆ; ಮನೆಯಿಂದ ತಂದ ರಾಗಿ ಸರಿಯ ಡಬ್ಬಿ ಹುಳಿಯಿತೆಂಬ ಚಿಂತೆ ಅಲ್ಲಿಗೆ ತೀರುತ್ತದೆ. ಬಿಡದಿಯ ಸಮೀಪದಲ್ಲೇ 2005ರಲ್ಲಿ ಆರಂಭವಾದ ವಂಡರ್‌ಲಾ ಎಂಬ ಮನೋರಂಜನಾ ಉದ್ಯಾನವಿದೆ. ಅಂಥ ಉದ್ಯಾನಗಳಲ್ಲಿ ಮಕ್ಕಳನ್ನು ವಯಸ್ಸಿನಿಂದಲ್ಲ, ಎತ್ತರದಿಂದ ಅಳೆಯುವುದು ರೂಢಿ. ಪ್ರತಿ ಆಟದ ಬಾಗಿಲಲ್ಲಿ ನಿಲ್ಲಿಸಿದ ಗುರುತಿಗಿಂತ ಗಿಡ್ಡವಿದ್ದವರಿಗೆ ಪ್ರವೇಶವಿಲ್ಲ. ಸುರಕ್ಷತೆಗೆ ಇದು ಬೇಕೇಬೇಕಾದ ನಿಯಮ. ಆದರೆ ನಾಲ್ಕು ವರ್ಷದ ತಂಗಿ, ಹತ್ತು ವರ್ಷದ ಅಣ್ಣ ಇರುವ ಮನೆಯವರು ಅಲ್ಲಿಗೆ ಹೋದರೆ ಇಡೀ ದಿನ ಎರಡು ತಂಡಗಳಾಗಿ ಒಡೆದು ಕಳೆಯಬೇಕಾಗುತ್ತದೆ ಎಂಬುದನ್ನು ತಿಳಿದೇ ಹೊರಡುವುದು ಲೇಸು. ತೀರ ಎಳೆಯರಿಗೆ ಅದು ಹೇಳಿ ಮಾಡಿಸಿದ ಜಾಗವಲ್ಲ.

ರಾಮನಗರ ದಾಟುತ್ತಿದ್ದಂತೆ ಸಿಗುವ ಜಾನಪದ ಲೋಕದ ಮಾತು ಬೇರೆ. ಆಡಳಿತಾಧಿಕಾರಿಯಾಗಿದ್ದು ಜಾನಪದ ಸಂಗ್ರಹಕ್ಕೆ ಬಾಳು ಮುಡಿಪಿಟ್ಟ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ಕಟ್ಟಿದ ಹದಿನೈದು ಎಕರೆಯ ಈ ಬಯಲು ಸಂಗ್ರಹಾಲಯದಲ್ಲಿ ಒನಕೆ, ಬೀಸುವ ಕಲ್ಲು, ಕೂರಿಗೆ, ಕಣಜಗಳಿಂದ ಹಿಡಿದು ತೊಗಲು ಗೊಂಬೆ, ಸೂತ್ರದ ಗೊಂಬೆ, ಸೋಮನ ಮುಖಗಳವರೆಗೆ ಎಲ್ಲವೂ ಇವೆ. ವಸ್ತುಗಳ ನಡುವೆ ಮರ, ಕಲ್ಲು, ಮಣ್ಣಿನ ನೆಲ ಇರುವುದರಿಂದ ಒಳಗೆ ಬೇಸರಗೊಂಡ ಮಗು ಹೊರಗೆ ಓಡುತ್ತದೆ, ಹಿರಿಯರಲ್ಲಿ ಒಬ್ಬರು ಅದರ ಹಿಂದೆ ನಡೆಯುತ್ತಾರೆ, ಇನ್ನೊಬ್ಬರು ನಿಧಾನವಾಗಿ ನೋಡುತ್ತಾರೆ. ಸಂಗ್ರಹಾಲಯವೊಂದು ಎಳೆಯರ ಕುಟುಂಬಕ್ಕೆ ಕೊಡಬಹುದಾದ ದೊಡ್ಡ ಸೌಕರ್ಯ ಇದು. ಅಜ್ಜ ಅಜ್ಜಿ ಜೊತೆಗಿದ್ದರೆ ವಿವರಣೆಯ ಫಲಕ ಓದುವ ಅಗತ್ಯವೂ ಬೀಳುವುದಿಲ್ಲ.

ಚನ್ನಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಬೈಪಾಸಿನಿಂದ ಇಳಿದು ಊರೊಳಗೆ ಹೋಗುವ ಶ್ರಮ ತೆಗೆದುಕೊಂಡವರಿಗೆ ಮಾತ್ರ ಈಗ ಸಿಗುವ ಈ ಪಟ್ಟಣ, ಮಕ್ಕಳ ಆಟಿಕೆಯನ್ನೇ ಬದುಕು ಮಾಡಿಕೊಂಡ ಊರು. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರೆಂಬ ಪ್ರತೀತಿಯಿರುವ ಈ ಕಸುಬಿನಲ್ಲಿ, ಆಲೆ ಮರ ಎಂದೂ ಕರೆಯುವ ಹಾಲೆ ಮರದ ತಿಳಿಬಣ್ಣದ ಮೃದು ಮರವನ್ನು ಒಣಗಿಸಿ, ತುಂಡರಿಸಿ, ಲೇತ್ ಎಂಬ ತಿರುಗುಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ, ಕೇದಗೆ ಜಾತಿಯ ಗಿಡದ ಒಣಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗು ಎಂಬುದು ಮರಗಳ ಮೇಲೆ ಬದುಕುವ ಕೀಟವೊಂದು ಸ್ರವಿಸುವ ಅಂಟು. ಅದಕ್ಕೆ ಸಸ್ಯಮೂಲದ ಬಣ್ಣ ಬೆರೆಸಿದ ಗಿಲಕಿಯನ್ನು ಕೂಸು ಬಾಯಿಗಿಟ್ಟುಕೊಂಡರೆ ತಾಯಿ ಗಾಬರಿಯಾಗಬೇಕಿಲ್ಲ. ಎಲ್ಲ ಅಂಗಡಿಗಳಲ್ಲೂ ಇಟ್ಟಿರುವುದೆಲ್ಲ ಅಂಥದ್ದೇ ಎನ್ನಲಾಗದು. ಎಣ್ಣೆಬಣ್ಣದ ಹೊಳಪಿನವೂ ಬೇರೆ ಕಡೆಯಿಂದ ತಂದವೂ ಇರುತ್ತವೆ, ಆದ್ದರಿಂದ ಕೇಳಿ ಕೊಳ್ಳುವುದು, ಸಾಧ್ಯವಾದರೆ ಕೆಲಸ ನಡೆಯುವ ಮನೆಯಲ್ಲೇ ಕೊಳ್ಳುವುದು ಒಳ್ಳೆಯದು.

ಒಂದು ಪ್ರದೇಶಕ್ಕೆ ವಿಶಿಷ್ಟವಾದ ಉತ್ಪನ್ನಕ್ಕೆ ಕಾನೂನು ನೀಡುವ ಗುರುತಾದ ಭೌಗೋಳಿಕ ಸೂಚ್ಯಂಕ ಈ ಗೊಂಬೆಗಳಿಗೆ ದೊರೆತಿದೆ. 2021ರ ಆರಂಭದಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ಇಂಥ ಸೂಚ್ಯಂಕ ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಕೊಟ್ಟದ್ದರಿಂದ ಮನೆಯಲ್ಲೇ ಲೇತ್ ಇಟ್ಟುಕೊಂಡು ದುಡಿಯುವವರು ಪರೀಕ್ಷೆಯ ವೆಚ್ಚದಿಂದ ಪಾರಾದರು. ಆದರೆ ಪ್ರವಾಸಕ್ಕೆ ಸಂಬಂಧಿಸಿದ ಮುಖ್ಯ ಸಂಗತಿ ಕೊಳ್ಳುವುದರಲ್ಲಿಲ್ಲ, ನೋಡುವುದರಲ್ಲಿದೆ. ಮರದ ತುಂಡೊಂದು ಕಣ್ಣೆದುರೇ ಬುಗುರಿಯಾಗುವುದನ್ನು, ತಿಳಿಬಣ್ಣದ ಮೈಯ ಮೇಲೆ ಕೆಂಪು ಗೆರೆ ಏಳುವುದನ್ನು ಎಷ್ಟು ಚಂಚಲವಾದ ಮಗುವಾದರೂ ಕೆಲವು ನಿಮಿಷ ಅಲುಗದೆ ನೋಡುತ್ತದೆ. ಅಷ್ಟು ಹೊತ್ತು ಮಗುವನ್ನು ಹಿಡಿದಿಡಬಲ್ಲ ಯಂತ್ರವನ್ನು ಯಾವ ಮಾಲೂ ಇನ್ನೂ ಕಂಡುಹಿಡಿದಿಲ್ಲ. ಚನ್ನಪಟ್ಟಣದ ಕಾರ್ಯಾಗಾರಗಳ ಪಕ್ಕದಲ್ಲಿ ಒಂದು ನೆರಳು, ಒಂದು ನಲ್ಲಿ, ಒಂದು ಶುಚಿಯಾದ ಶೌಚಾಲಯ ಇದ್ದರೆ ಕುಟುಂಬಗಳು ಅರ್ಧ ದಿನ ಅಲ್ಲೇ ಕಳೆದಾವು. ಬೈಪಾಸು ಕಿತ್ತುಕೊಂಡ ಗಿರಾಕಿಗಳನ್ನು ಮರಳಿ ತರುವ ದಾರಿ ರಿಯಾಯಿತಿಯ ಫಲಕಗಳಲ್ಲಿಲ್ಲ, ಇಂಥ ಸಣ್ಣ ಏರ್ಪಾಟುಗಳಲ್ಲಿದೆ ಎನ್ನದೆ ವಿಧಿಯಿಲ್ಲ.

ಇಷ್ಟೂ ಊರುಗಳನ್ನು ಇನ್ನೂ ಬಿಡದೆ ಮುಟ್ಟುತ್ತಿರುವುದು ರೈಲು. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಪ್ರತ್ಯೇಕ ಆಸನ ಬೇಡವಾದರೆ ಟಿಕೆಟ್ ಇಲ್ಲ. ಬೋಗಿಯಲ್ಲಿ ನಡೆಯಲು ಹಾದಿಯಿದೆ, ಕಿಟಕಿಯಿದೆ, ಹೇಗಿದ್ದರೂ ಒಂದು ಶೌಚಾಲಯವಿದೆ, ಎದುರಿನ ಆಸನದಲ್ಲಿ ಅಪರಿಚಿತರಾದರೂ ಮಗುವನ್ನು ಮಾತಾಡಿಸುವ ಮಂದಿ ಇದ್ದಾರೆ. ಮದ್ದೂರಿನಲ್ಲಿ ವಡೆಯ ಬುಟ್ಟಿ ಬೋಗಿಗೇ ಬರುತ್ತದೆ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾಗಳಿಗೆ ಈರುಳ್ಳಿ, ಕರಿಬೇವು, ಹಸಿಮೆಣಸು ಸೇರಿಸಿ ಕರಿದ ಈ ವಡೆ ನೂರು ವರ್ಷಗಳಿಂದ ರೈಲಿನೊಡನೆಯೇ ಹೆಸರಾದದ್ದು; ಮೆಣಸು ಹಲ್ಲಿಗೆ ಸಿಕ್ಕಿದ ಮಗು ಅಳುತ್ತದೆಯಾದ್ದರಿಂದ ಅದರ ಭಾಗವನ್ನು ಅಪ್ಪ ತಿನ್ನುವುದು ವಾಡಿಕೆ. ಕಾರಿಗಿಂತ ರೈಲು ನಿಧಾನವಾದರೂ ಎಳೆಯರ ವಿಷಯದಲ್ಲಿ ರೈಲೇ ಮೇಲು.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟನ್ನು ದೂರದ ಸ್ಥಳವೆಂದು ಬಿಡುವವರು ಅನೇಕರು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳಿಗೆ 2022ರಲ್ಲಿ ರಾಮ್ಸಾರ್ ತಾಣವೆಂಬ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಬಂದಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದಂಥ ಕೊಕ್ಕಿನ ಹಕ್ಕಿಗಳು ಗೂಡು ಕಟ್ಟಿರುವ ಕಾಲದಲ್ಲಿ ದೋಣಿ ಗೂಡುಗಳ ತೀರ ಸಮೀಪಕ್ಕೆ ಹೋಗುತ್ತದೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಾಣುತ್ತದೆ. ದೋಣಿಯಾನ ಬಹಳ ಹೊತ್ತಿನದಲ್ಲವಾದ್ದರಿಂದ ಮಗುವಿನ ತಾಳ್ಮೆ ಮುಗಿಯುವ ಮೊದಲೇ ದಡ ಸಿಗುತ್ತದೆ. ಕೃಷ್ಣರಾಜಸಾಗರದ ಬೃಂದಾವನಕ್ಕೆ ಈ ಮಾತು ಅನ್ವಯಿಸದು. ಅಲ್ಲಿನ ದೀಪ, ಕಾರಂಜಿಗಳ ಸೊಬಗು ಕತ್ತಲಾದ ಮೇಲಿನದು, ಜನಸಂದಣಿಯೂ ಆಗಲೇ ಹೆಚ್ಚು, ಮೆಟ್ಟಿಲುಗಳೂ ಹೆಚ್ಚು, ಅಷ್ಟು ಹೊತ್ತಿಗೆ ಎಳೆಯರು ಹೆಗಲ ಮೇಲೆ ಮಲಗಿರುತ್ತಾರೆ.

ಮೈಸೂರಿನಲ್ಲಿ ಇರುವ ಸ್ಥಳಗಳಲ್ಲಿ ಮಗುವಿನ ದಿನವನ್ನು ಮೃಗಾಲಯವೊಂದಕ್ಕೇ ಕೊಟ್ಟರೂ ನಷ್ಟವಿಲ್ಲ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಅರಮನೆಯ ಮೃಗಾಲಯವಾಗಿ ಹುಟ್ಟಿ, 1948ರಲ್ಲಿ ಸರ್ಕಾರದ ಕೈಗೆ ಬಂದು, 1979ರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿರುವ ಶ್ರೀ ಚಾಮರಾಜೇಂದ್ರ ಮೃಗಾಲಯ ಸುಮಾರು 157 ಎಕರೆಯ ಹರವಿನದು. ಕಬ್ಬಿಣದ ಸಲಾಕೆಗಳ ಬದಲು ಕಂದಕಗಳಿಂದ ಬೇರ್ಪಟ್ಟ ಬಯಲು ಆವರಣಗಳು ಇಲ್ಲಿ ಹೆಚ್ಚಾಗಿರುವುದರಿಂದ ಆನೆ, ಜಿರಾಫೆ, ಖಡ್ಗಮೃಗಗಳು ಮಗುವಿನ ಕಣ್ಣಿನ ಎತ್ತರದಿಂದಲೂ ಮರೆಯಿಲ್ಲದೆ ಕಾಣುತ್ತವೆ. 2021ರಲ್ಲಿ ಜರ್ಮನಿಯಿಂದ ಬಂದ ಎರಡು ಗೊರಿಲ್ಲಾಗಳ ಮುಂದೆ ಹಿರಿಯರೇ ಕಿರಿಯರಾಗಿ ನಿಲ್ಲುತ್ತಾರೆ. ಆದರೆ ಈ ಮೃಗಾಲಯದ ನಿಜವಾದ ಸಂಪತ್ತು ಅದರ ಹಳೆಯ ಮರಗಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಹಾದಿಯ ಬಹುಭಾಗ ನೆರಳಿನಲ್ಲಿರುತ್ತದೆ, ಹಾದಿ ಸಮತಟ್ಟಾಗಿರುವುದರಿಂದ ಮಕ್ಕಳ ತಳ್ಳುಗಾಡಿ ತಡೆಯಿಲ್ಲದೆ ಉರುಳುತ್ತದೆ, ನಡೆಯಲಾರದ ಅಜ್ಜ ಅಜ್ಜಿಯರಿಗೆ ಬ್ಯಾಟರಿ ಗಾಡಿ ಇದೆ. ಪ್ಲಾಸ್ಟಿಕ್ಕಿಗೆ ಒಳಗೆ ಅವಕಾಶವಿಲ್ಲದ ಕಾರಣ ಮಗುವಿನ ತಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುವುದು ಜಾಣತನ. ಪೂರ್ತಿ ಸುತ್ತಲು ದೊಡ್ಡವರಿಗೇ ಎರಡು ಮೂರು ಗಂಟೆ ಬೇಕು; ಅರ್ಧದಲ್ಲೇ ಮಗು ಸೋತರೆ ಉಳಿದದ್ದನ್ನು ನೋಡಲೇಬೇಕೆಂಬ ಹಟ ಬಿಡುವುದು ತಂದೆತಾಯಿಗಳ ಪಾಲಿನ ಶಿಸ್ತು. ಹುಲಿಯೆದುರು ನಿದ್ದೆ ಮಾಡಿ, ಹೊರಬಾಗಿಲ ಹತ್ತಿರದ ಅಳಿಲಿಗೆ ಎಚ್ಚರಗೊಳ್ಳುವ ಮಗುವಿಗೆ ಮೃಗಾಲಯ ಕಂಡಿಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ.

ಪಕ್ಕದ ಕಾರಂಜಿ ಕೆರೆಯಲ್ಲಿ ಹಕ್ಕಿಗಳ ನಡುವೆಯೇ ನಡೆದು ಹೋಗಬಹುದಾದ ದೊಡ್ಡ ಪಂಜರವಿದೆ, ಚಿಟ್ಟೆಗಳ ತೋಟವಿದೆ; ರೈಲು ನಿಲ್ದಾಣದ ಸಮೀಪ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಗಿ ಎಂಜಿನ್ನುಗಳನ್ನು ಹತ್ತಿ ಇಳಿಯಬಹುದು, ಮೈಸೂರು ಮಹಾರಾಣಿಯವರ ಅಡುಗೆಮನೆ ಸಹಿತವಾದ ಸಲೂನ್ ಗಾಡಿಯನ್ನು ಕಿಟಕಿಯಿಂದ ಇಣುಕಬಹುದು. ರೈಲು ಸಂಗ್ರಹಾಲಯ ಚಿಕ್ಕ ಸ್ಥಳ, ಮತ್ತು ಎಳೆಯರ ಪ್ರವಾಸದಲ್ಲಿ ಚಿಕ್ಕದಾಗಿರುವುದು ಒಂದು ಗುಣ.

ಈ ಸ್ಥಳಗಳಿಗೆ ಬರುವವರ ಸ್ವರೂಪವೂ ಇತ್ತೀಚೆಗೆ ಬದಲಾಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲದ ಪ್ರಯಾಣ ದೊರೆತ ಮೇಲೆ, ಗಂಡಸರ ರಜೆಗಾಗಿ, ಕೈಯಲ್ಲಿನ ಹಣಕ್ಕಾಗಿ ಕಾಯದೆ ಅಕ್ಕತಂಗಿಯರು, ಅತ್ತೆ ಸೊಸೆಯರು, ನೆರೆಹೊರೆಯ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಹೊರಡುವುದು ಕಣ್ಣಿಗೆ ಬೀಳುವ ಸಂಗತಿಯಾಗಿದೆ. ಇಂಥ ಹೊರಡುವಿಕೆಗೆ ಹಿಂದೆ ಜಾತ್ರೆಯೊಂದೇ ನೆಪವಾಗಿತ್ತು. ಬೆಂಡು ಬತ್ತಾಸು, ಕಡಲೆಪುರಿ, ತಿರುಗುವ ತೊಟ್ಟಿಲುಗಳ ಜಾತ್ರೆಯನ್ನೇ ನಗರಕ್ಕೆ ತಂದಂತಿದ್ದ ಮೈಸೂರಿನ ದಸರಾ ವಸ್ತುಪ್ರದರ್ಶನವೂ 1880ರಿಂದ ನಡೆದುಬಂದದ್ದು ಕುಟುಂಬಗಳ ಈ ಹಂಬಲವನ್ನು ನೆಚ್ಚಿಕೊಂಡೇ. ಬಸ್ಸಿನಿಂದಿಳಿದ ತಾಯಂದಿರು ಕಾರಿನವರಂತೆ ಹಿಂದಿನ ಆಸನದಲ್ಲಿ ಮಗುವನ್ನು ಮಲಗಿಸಲಾರರು, ಬಾಗಿಲು ಹಾಕಿಕೊಂಡು ಹಾಲುಣಿಸಲಾರರು; ಅವರಿಗೆ ಸಿಗಬೇಕಾದ ಮರೆ, ನೀರು, ಮಂಚಗಳನ್ನು ಸ್ಥಳವೇ ಒದಗಿಸಬೇಕು. ಕುಟುಂಬಸ್ನೇಹಿ ಎಂಬ ಹೆಸರಿನಲ್ಲಿ ನಡೆಯುವ ಬಹುಪಾಲು ವ್ಯಾಪಾರ ಕಾರಿರುವ ಕುಟುಂಬವನ್ನಷ್ಟೇ ಕುಟುಂಬವೆಂದು ತಿಳಿದಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಬೆಳಗಿ, ಮುಕ್ಕಾಲು ಗಂಟೆ ಉರಿಯುತ್ತವೆ. ಹಗಲಿನಲ್ಲಿ ಚಪ್ಪಲಿ ಬಿಟ್ಟು ಸಾಲಿನಲ್ಲಿ ಸಾಗಬೇಕಾದ ಅರಮನೆಯ ಒಳಭಾಗಕ್ಕಿಂತ ಈ ಅಂಗಳ ಮಕ್ಕಳಿಗೆ ಒಗ್ಗುತ್ತದೆ. ದೀಪ ಹತ್ತಿದ ಕ್ಷಣದ ಉದ್ಗಾರದಲ್ಲಿ ಅವರ ದನಿಯೇ ದೊಡ್ಡದು. ಆ ಅಂಗಳದ ಮೂಲೆಯಲ್ಲಿ ಅಳುವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿ ಕುಳಿತ ತಾಯಂದಿರು ಪ್ರತಿ ಭಾನುವಾರವೂ ಇರುತ್ತಾರೆ.

ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿ ಮತ್ತು ಶಿಶುಪಾಲನಾ ಕೊಠಡಿಗಳನ್ನು ಕೋರಿ ಸಲ್ಲಿಸಿದ್ದ ಅರ್ಜಿಯ ಮೇಲೆ 2025ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು, ಈಗಾಗಲೇ ಇರುವ ಕಟ್ಟಡಗಳಲ್ಲಿ ಸಾಧ್ಯವಾದ ಮಟ್ಟಿಗೆ ಇಂಥ ಕೊಠಡಿಗಳನ್ನು ಕಲ್ಪಿಸುವಂತೆಯೂ, ಹೊಸದಾಗಿ ಕಟ್ಟುವಾಗ ನಕ್ಷೆಯಲ್ಲೇ ಅವಕ್ಕೆ ಜಾಗ ಬಿಡುವಂತೆಯೂ ರಾಜ್ಯಗಳಿಗೆ ತಿಳಿಸಿದೆ. ಮೈಸೂರು ಹಾದಿಯ ಮಟ್ಟಿಗೆ ಇದನ್ನು ಪಾಲಿಸುವುದು ಕಷ್ಟದ ಕೆಲಸವೇನಲ್ಲ. ಹೆದ್ದಾರಿಯ ವಿಶ್ರಾಂತಿ ತಾಣಗಳನ್ನು ಕಟ್ಟುವವರು, ಬಿಡದಿ ಮದ್ದೂರುಗಳ ಹೋಟೆಲಿನವರು, ಚನ್ನಪಟ್ಟಣದ ಗೊಂಬೆಯವರು, ಮೃಗಾಲಯ ಅರಮನೆಗಳ ಆಡಳಿತದವರು ತಮ್ಮ ತಮ್ಮ ಆವರಣದಲ್ಲಿ ಒಳಗಿನಿಂದ ಚಿಲಕವಿರುವ, ಒಂದು ಬೆಂಚು, ಒಂದು ನಲ್ಲಿ, ಒಂದು ಫ್ಯಾನು ಇರುವ ಒಂದೇ ಒಂದು ಕೋಣೆಯನ್ನು ಕಟ್ಟಿ, ಅದರ ಬೀಗದ ಕೈ ಯಾರ ಬಳಿಯಿದೆಯೆಂದು ಹುಡುಕುವ ಪ್ರಮೇಯ ಬಾರದಂತೆ ದಿನವಿಡೀ ತೆರೆದಿಡಲಿ. ಇನ್ನು ಹೊರಡುವವರಿಗೆ ಹೇಳಬೇಕಾದದ್ದು ಇಷ್ಟೇ: ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ.